ಓಜೋನ್ ಪದರವೂ ನಮ್ಮ ಭತ್ತದ ಗದ್ದೆಯೂ

ಗಂಗಾವತಿ ತಾಲ್ಲೂಕಿನ ಹೇಮಗುಡ್ಡದಲ್ಲಿ ಕಳೆದ ಬೇಸಿಗೆಯಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ರೈತರ ಸಭೆಯೊಂದು ನಡೆಯಿತು. ಗುಡ್ಡದ ಬಂಡೆಗಳು ಕಾದು, ಮರದ ನೆರಳಿನಲ್ಲಿ ಕುಳಿತರೂ ಝಳ ಮುಖಕ್ಕೆ ಹೊಡೆಯುತ್ತಿತ್ತು. ಮಾತು ಮುಗಿದ ಮೇಲೆ, ಪ್ರಶ್ನೆಗಳಿದ್ದರೆ ಕೇಳಬಹುದೆಂದು ಹೇಳಿದೆ. ಹಿರಿಯ ರೈತರೊಬ್ಬರು ಎದ್ದು ನಿಂತರು. ಆಗಷ್ಟೇ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದರು. "ಸರ್, ಆಕಾಶಕ್ಕ ತೂತು ಬಿದ್ದೈತಂತ ನಮ್ಮ ಮೊಮ್ಮಗಳು ಸಾಲಿ ಪುಸ್ತಕದಾಗ ಓದ್ತಾಳ. ಅದಕ್ಕ ಬಿಸಲ ಹಿಂಗ ಸುಡಾಕತ್ತೈತೇನ್ರಿ? ನನ್ನ ಕಣ್ಣು ಹೋಗಿದ್ದೂ ಅದಕ್ಕೇನ? ಬೆಳಿಗೂ ಏನರ ಆಗತೈತೇನು?" ಎಂದು ಕೇಳಿದರು.

ಸಭೆಯಲ್ಲಿ ಕೆಲವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಓಜೋನ್ ಪದರದ ಬಗ್ಗೆ ಓದಿದವರಲ್ಲಿಯೂ ತಪ್ಪು ಕಲ್ಪನೆಗಳು ಬಹಳ. ಅಂದು ಎರಡು ಮಾತಿನಲ್ಲಿ ಉತ್ತರ ಹೇಳಿ ಬಂದೆನಾದರೂ ಅದು ಸಾಲದೆಂದು ನನಗೇ ಅನಿಸಿತು. ಆ ಮೂರು ಪ್ರಶ್ನೆಗಳಿಗೆ ವಿವರವಾದ ಉತ್ತರವನ್ನೂ, ಅವರು ಕೇಳದೆ ಬಿಟ್ಟ ನಾಲ್ಕನೆಯ ಪ್ರಶ್ನೆಯೊಂದಕ್ಕೆ ಉತ್ತರವನ್ನೂ ಈ ಲೇಖನದಲ್ಲಿ ಕೊಡಲಾಗಿದೆ. ಆ ನಾಲ್ಕನೆಯ ಪ್ರಶ್ನೆ ಇದು: ಓಜೋನ್ ಪದರ ಸವೆಯುವುದರಲ್ಲಿ ನಮ್ಮ ಗದ್ದೆಯ ಪಾಲು ಏನಾದರೂ ಇದೆಯೇ?

ಓಜೋನ್ ಎಂದರೇನು?

ನಾವು ಉಸಿರಾಡುವ ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿರುತ್ತವೆ. ಮೂರು ಪರಮಾಣುಗಳು ಕೂಡಿಕೊಂಡರೆ ಅದೇ ಓಜೋನ್. ಇದಕ್ಕೆ ಕಟುವಾದ ವಾಸನೆಯಿದೆ. 1839ರಲ್ಲಿ ಷೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಇದನ್ನು ಗುರುತಿಸಿ, ವಾಸನೆ ಎಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರಿಟ್ಟನು.

ನೆಲದಿಂದ ಸುಮಾರು 15 ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ತೀಕ್ಷ್ಣ ಕಿರಣಗಳು ಆಮ್ಲಜನಕದ ಅಣುಗಳನ್ನು ಒಡೆಯುತ್ತವೆ. ಬಿಡಿಯಾದ ಪರಮಾಣುಗಳು ಬೇರೆ ಆಮ್ಲಜನಕದ ಅಣುಗಳನ್ನು ಕೂಡಿಕೊಂಡು ಓಜೋನ್ ಆಗುತ್ತದೆ. ವಾಯುಮಂಡಲದಲ್ಲಿರುವ ಓಜೋನಿನ ಹತ್ತರಲ್ಲಿ ಒಂಬತ್ತು ಪಾಲು ಈ ಮೇಲಿನ ಸ್ತರದಲ್ಲಿಯೇ ಇದೆ. ಇದನ್ನೇ ಓಜೋನ್ ಪದರವೆನ್ನುತ್ತಾರೆ. ಪದರವೆಂದರೆ ಹಾಸಿದ ಚಾಪೆಯಂತೆ ಇರುವುದಿಲ್ಲ. ತೆಳುವಾದ ಗಾಳಿಯಲ್ಲಿ ಅಲ್ಲಲ್ಲಿ ಬೆರೆತಿರುತ್ತದೆ. ನಮ್ಮ ತಲೆಯ ಮೇಲಿರುವ ಓಜೋನನ್ನೆಲ್ಲ ಕೆಳಗಿಳಿಸಿ ನೆಲದ ಮಟ್ಟದ ಒತ್ತಡದಲ್ಲಿ ಹರಡಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್, ಅಂದರೆ ಒಂದು ಸಣ್ಣ ಜೋಳದ ಕಾಳಿನಷ್ಟು ಆಗುತ್ತದೆ. ಈ ಲೆಕ್ಕದಲ್ಲಿ 3 ಮಿಲಿಮೀಟರಿಗೆ 300 ಡಾಬ್ಸನ್ ಮಾನವೆಂದು ಕರೆಯುವುದು ರೂಢಿ.

ಈ ಜೋಳದ ಕಾಳಿನ ದಪ್ಪದ ಹೊದಿಕೆ ಮಾಡುವ ಕೆಲಸ ದೊಡ್ಡದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಮೂರು ಬಗೆಯವು ಇವೆ. ಇವುಗಳನ್ನು ಎ, ಬಿ ಮತ್ತು ಸಿ ಎಂದು ಹೆಸರಿಸಲಾಗಿದೆ. ಎಲ್ಲಕ್ಕಿಂತ ಘಾತುಕವಾದ ಸಿ ಕಿರಣಗಳನ್ನು ಓಜೋನ್ ಮತ್ತು ಆಮ್ಲಜನಕ ಸೇರಿ ಪೂರ್ತಿಯಾಗಿ ತಡೆಯುತ್ತವೆ. ಬಿ ಕಿರಣಗಳಲ್ಲಿ ಬಹುಪಾಲನ್ನು ಓಜೋನ್ ಹೀರಿಕೊಳ್ಳುತ್ತದೆ. ಸ್ವಲ್ಪ ಭಾಗ ನೆಲ ಮುಟ್ಟುತ್ತದೆ. ಎ ಕಿರಣಗಳು ಹೆಚ್ಚು ಅಡ್ಡಿಯಿಲ್ಲದೆ ಬರುತ್ತವೆ. ಆದ್ದರಿಂದ ಓಜೋನ್ ಕಡಿಮೆಯಾದರೆ ನೆಲದ ಮೇಲೆ ಹೆಚ್ಚುವುದು ಮುಖ್ಯವಾಗಿ ಬಿ ಕಿರಣಗಳು. ಜೀವಕೋಶದಲ್ಲಿರುವ ಅನುವಂಶೀಯ ವಸ್ತುವಿಗೆ ಪೆಟ್ಟು ಕೊಡುವ ಶಕ್ತಿ ಇವುಗಳಿಗಿದೆ.

ಪದರ ಸವೆದದ್ದು ಹೇಗೆ?

1928ರಲ್ಲಿ ಅಮೆರಿಕದಲ್ಲಿ ಕ್ಲೋರೋಫ್ಲೋರೋಕಾರ್ಬನ್ ಎಂಬ ಅನಿಲಗಳನ್ನು ತಂಪುಪೆಟ್ಟಿಗೆಗಳಿಗಾಗಿ ಸಿದ್ಧಪಡಿಸಲಾಯಿತು. ಬೆಂಕಿ ಹತ್ತುವುದಿಲ್ಲ, ವಿಷವಲ್ಲ, ಕೆಡುವುದಿಲ್ಲ ಎಂಬ ಕಾರಣಕ್ಕೆ ಇವು ಬೇಗನೆ ಬಳಕೆಗೆ ಬಂದವು. ಫ್ರಿಜ್, ಹವಾನಿಯಂತ್ರಣ ಯಂತ್ರ, ಸಿಂಪರಣೆಯ ಡಬ್ಬಿ, ಸ್ಪಂಜಿನ ಹಾಸಿಗೆ, ಎಲ್ಲದರಲ್ಲಿಯೂ ಇವು ಸೇರಿದವು. ಕೆಡುವುದಿಲ್ಲವೆಂಬ ಗುಣವೇ ಕೊನೆಗೆ ಮುಳುವಾಯಿತು. ಮಳೆಯಲ್ಲಿ ತೊಳೆದುಹೋಗದೆ, ಮಣ್ಣಿನಲ್ಲಿ ಕೊಳೆಯದೆ, ವರ್ಷಗಟ್ಟಲೆ ಅಲೆದು ಈ ಅನಿಲಗಳು ಮೇಲಿನ ಸ್ತರ ಸೇರುತ್ತವೆ. ಅಲ್ಲಿ ತೀಕ್ಷ್ಣ ಕಿರಣಗಳಿಗೆ ಸಿಕ್ಕಿ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುತ್ತವೆ. ಕ್ಲೋರಿನ್ ಓಜೋನನ್ನು ಒಡೆದು ತಾನು ಮಾತ್ರ ಸವೆಯದೆ ಮತ್ತೆ ಮತ್ತೆ ಅದೇ ಕೆಲಸಕ್ಕೆ ತೊಡಗುತ್ತದೆ. ಒಂದೇ ಕ್ಲೋರಿನ್ ಪರಮಾಣು ಲಕ್ಷದವರೆಗೂ ಓಜೋನ್ ಅಣುಗಳನ್ನು ನಾಶ ಮಾಡಬಲ್ಲದು.

ಈ ಅಪಾಯವನ್ನು ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿಯೇ ತೋರಿಸಿಕೊಟ್ಟರು. 1985ರಲ್ಲಿ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಎಂಬ ಬ್ರಿಟಿಷ್ ಸಂಶೋಧಕರು, ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದ ಮೇಲೆ ಪ್ರತಿ ವಸಂತದಲ್ಲಿ, ಅಂದರೆ ನಮ್ಮ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಓಜೋನ್ ತೀವ್ರವಾಗಿ ಕುಸಿಯುತ್ತಿದೆಯೆಂದು ಪ್ರಕಟಿಸಿದರು. ಅಲ್ಲಿಯ ಕಡುಚಳಿಯಲ್ಲಿ ಮೇಲಿನ ಸ್ತರದಲ್ಲಿಯೂ ಮೋಡಗಳು ಕಟ್ಟುತ್ತವೆ. ಆ ಹಿಮಕಣಗಳ ಮೇಲೆ ಕ್ಲೋರಿನ್ ಕ್ರಿಯೆಗೆ ಸಿದ್ಧವಾಗಿ ಕುಳಿತಿರುತ್ತದೆ. ಬಿಸಿಲು ಬಿದ್ದೊಡನೆ ಓಜೋನನ್ನು ತಿನ್ನಲಾರಂಭಿಸುತ್ತದೆ. ಓಜೋನ್ 220 ಡಾಬ್ಸನ್ ಮಾನಕ್ಕಿಂತ ಕೆಳಗಿಳಿದ ಆ ಪ್ರದೇಶವನ್ನೇ ಪತ್ರಿಕೆಗಳು "ಓಜೋನ್ ರಂಧ್ರ" ಎಂದು ಕರೆದವು. ಅದು ನಿಜವಾದ ತೂತಲ್ಲ. ಹಳೆಯ ಕಂಬಳಿಯ ಸವೆದ ಭಾಗದಂತೆ ತೆಳುವಾದ ಜಾಗ.

ಮೊದಲನೆಯ ಪ್ರಶ್ನೆ: ಬಿಸಿಲಿನ ಝಳಕ್ಕೆ ಇದು ಕಾರಣವೇ?

ಅಲ್ಲ. ಇದನ್ನು ಸ್ಪಷ್ಟವಾಗಿ ತಿಳಿಯಬೇಕು. ಮೈಗೆ ತಟ್ಟುವ ಶಾಖವು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಬೆಳಕಿನಿಂದ ಮತ್ತು ಅವಗೆಂಪು ಕಿರಣಗಳಿಂದ ಬರುತ್ತದೆ. ನೆಲ ಮುಟ್ಟುವ ಬಿಸಿಲಿನಲ್ಲಿ ಬಿ ಕಿರಣಗಳ ಪಾಲು ನೂರಕ್ಕೆ ಅರ್ಧದಷ್ಟೂ ಇಲ್ಲ. ಭೂಮಿ ಕಾಯುತ್ತಿರುವುದಕ್ಕೆ ಕಾರಣ ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು. ಓಜೋನ್ ಸವೆಯುವುದು ಬೇರೆ, ಭೂಮಿ ಕಾಯುವುದು ಬೇರೆ. ಇವೆರಡಕ್ಕೂ ಒಂದು ಕೊಂಡಿ ಇದೆ: ಓಜೋನನ್ನು ನಾಶ ಮಾಡುವ ಕ್ಲೋರೋಫ್ಲೋರೋಕಾರ್ಬನ್ನುಗಳು ಶಾಖವನ್ನೂ ಹಿಡಿದಿಡುತ್ತವೆ. ಇದನ್ನು 1975ರಲ್ಲಿ ಮೊದಲು ತೋರಿಸಿದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಓಜೋನ್ ರಂಧ್ರ ನಮ್ಮ ನಾಡಿನ ಮೇಲಿಲ್ಲ. ಧ್ರುವಗಳಲ್ಲಿ ಆದಂತಹ ಕುಸಿತ ಉಷ್ಣವಲಯದಲ್ಲಿ ಆಗಿಲ್ಲ. ಆದರೆ ನಮ್ಮಲ್ಲಿ ಓಜೋನ್ ಸ್ವಭಾವತಃ ಧ್ರುವದ ಕಡೆಯ ದೇಶಗಳಿಗಿಂತ ತೆಳು. ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಕಿರಣಗಳು ನೇರವಾಗಿ ಬೀಳುತ್ತವೆ. ಆದ್ದರಿಂದ ಪದರಕ್ಕೆ ಯಾವ ಧಕ್ಕೆಯೂ ಆಗದಿದ್ದಾಗಲೂ ಮಾರ್ಚಿಯಿಂದ ಮೇವರೆಗೆ ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಅತಿನೇರಳೆ ಸೂಚ್ಯಂಕ 11ನ್ನು ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾಪನದಲ್ಲಿ ಇದು ಅತ್ಯಂತ ತೀವ್ರವಾದ ದರ್ಜೆ. ಮೊದಲೇ ಇಷ್ಟು ಭಾರ ಹೊತ್ತಿರುವ ನಾಡಿಗೆ, ಪದರ ಇನ್ನಷ್ಟು ಸವೆಯುವುದು ಬೇಡವಾದ ಹೊರೆ.

ಎರಡನೆಯ ಪ್ರಶ್ನೆ: ಮನುಷ್ಯರಿಗೂ ಜಾನುವಾರುಗಳಿಗೂ ಏನಾಗುತ್ತದೆ?

ಕಣ್ಣು: ಬಿ ಕಿರಣಗಳು ಕಣ್ಣಿನ ಮಸೂರಕ್ಕೆ ತಗುಲುತ್ತಾ ಬಂದರೆ ವರ್ಷಗಳು ಕಳೆದಂತೆ ಪೊರೆ ಬರುವ ಸಂಭವ ಹೆಚ್ಚು. ಬಿಳಿಗುಡ್ಡೆಯ ಮೂಲೆಯಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುವ ರೋಗವೂ ಬಿಸಿಲು, ದೂಳಿನಲ್ಲಿ ದುಡಿಯುವವರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಪೊರೆಗೆ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸೇವನೆ ಇವೂ ಕಾರಣಗಳು. ಹೇಮಗುಡ್ಡದ ಆ ಹಿರಿಯರಿಗೆ ನಾನು ಹೇಳಿದ್ದು ಇದೇ: "ನಿಮ್ಮ ಕಣ್ಣಿಗೆ ಆಕಾಶದ ತೂತು ಕಾರಣವಲ್ಲ, ಐವತ್ತು ವರ್ಷ ಬರಿಗಣ್ಣಿನಲ್ಲಿ ಹೊಲದ ಬಿಸಿಲು ಉಂಡದ್ದು ಒಂದು ಕಾರಣವಿರಬಹುದು."

ಚರ್ಮ: ಬಿಳಿ ಚರ್ಮದ ಜನರಲ್ಲಿ ಬಿ ಕಿರಣಗಳಿಂದ ಚರ್ಮದ ಕ್ಯಾನ್ಸರ್ ಹೆಚ್ಚುತ್ತದೆ. ನಮ್ಮ ಚರ್ಮದಲ್ಲಿರುವ ಕಪ್ಪು ವರ್ಣದ್ರವ್ಯ ಸಾಕಷ್ಟು ರಕ್ಷಣೆ ಕೊಡುತ್ತದೆ. ಆದರೆ ಕಣ್ಣಿಗೆ ಈ ರಕ್ಷಣೆಯಿಲ್ಲ ಎಂಬುದನ್ನು ಮರೆಯಬಾರದು. ಮಿತವಾದ ಬಿಸಿಲು ಬೇಕು. ಡಿ ಜೀವಸತ್ವ ಮೈಯಲ್ಲಿ ತಯಾರಾಗುವುದು ಇದೇ ಬಿ ಕಿರಣಗಳಿಂದ. ಬೆಳಗಿನ ಮತ್ತು ಸಂಜೆಯ ಹೊಲದ ಕೆಲಸಕ್ಕೆ ಅಂಜಬೇಕಾಗಿಲ್ಲ. ನಡುಹಗಲ ಬಿಸಿಲಿನಿಂದ ಮಾತ್ರ ಕಾಪಾಡಿಕೊಳ್ಳಬೇಕು.

ಜಾನುವಾರು: ಕಣ್ಣಿನ ಸುತ್ತ ಬಣ್ಣವಿಲ್ಲದ ಚರ್ಮವಿರುವ ತಳಿಗಳಲ್ಲಿ ತೀವ್ರ ಬಿಸಿಲಿನಿಂದ ರೆಪ್ಪೆಯ ಮತ್ತು ಕಣ್ಣಿನ ಕ್ಯಾನ್ಸರ್ ಬರುವುದುಂಟು. ಮಿಶ್ರತಳಿಯ ಹಸುಗಳಲ್ಲಿ ಬಿಳಿ ಮುಖದವುಗಳಿಗೆ ನೆರಳು ಅಗತ್ಯ. ಕಪ್ಪು ಚರ್ಮದ ನಮ್ಮ ದೇಶಿ ದನಗಳಿಗೆ ಈ ಬಾಧೆ ಕಡಿಮೆ.

ಮೂರನೆಯ ಪ್ರಶ್ನೆ: ಬೆಳೆಗೆ ಏನಾಗುತ್ತದೆ?

ಗಿಡಗಳು ನೆರಳಿಗೆ ಹೋಗಿ ನಿಲ್ಲಲಾರವು. ಆದ್ದರಿಂದ ಪ್ರಕೃತಿ ಅವುಗಳಿಗೆ ಬೇರೆ ಉಪಾಯ ಕೊಟ್ಟಿದೆ. ಬಿ ಕಿರಣ ಹೆಚ್ಚಾದಾಗ ಎಲೆಯ ಹೊರಚರ್ಮದಲ್ಲಿ ಕಿರಣ ತಡೆಯುವ ವರ್ಣದ್ರವ್ಯಗಳು ಶೇಖರವಾಗುತ್ತವೆ, ಎಲೆ ದಪ್ಪವಾಗುತ್ತದೆ, ಗಿಡ ಗಿಡ್ಡವಾಗುತ್ತದೆ. ಈ ರಕ್ಷಣೆಗೆ ಗಿಡ ತನ್ನ ಆಹಾರವನ್ನೇ ಖರ್ಚು ಮಾಡಬೇಕು. ಕಿರಣ ಮಿತಿ ಮೀರಿದರೆ ಎಲೆಯಲ್ಲಿ ಆಹಾರ ತಯಾರಾಗುವ ಕ್ರಿಯೆಯೇ ಕುಂಠಿತವಾಗುತ್ತದೆ. ಸೋಯಾ ಅವರೆ, ಬಟಾಣಿ, ಸೌತೆಯಂತಹ ಬೆಳೆಗಳು ಪ್ರಯೋಗಗಳಲ್ಲಿ ಹೆಚ್ಚು ಸೂಕ್ಷ್ಮವೆಂದು ಕಂಡುಬಂದಿವೆ. ಒಂದೇ ಬೆಳೆಯಲ್ಲಿ ತಳಿಯಿಂದ ತಳಿಗೂ ವ್ಯತ್ಯಾಸವಿದೆ.

ಆದರೆ ಗಾಜಿನ ಮನೆಯ ಫಲಿತಾಂಶವನ್ನು ಹೊಲಕ್ಕೆ ಹಾಗೆಯೇ ಅನ್ವಯಿಸಬಾರದು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಈ ಬಗ್ಗೆ ಪ್ರಯೋಗಗಳು ನಡೆದವು. ಒಳಾಂಗಣದಲ್ಲಿ ಬೆಳೆದ ಭತ್ತ ಬಿ ಕಿರಣಕ್ಕೆ ಬಹಳ ಬಳಲಿತು. ತೆರೆದ ಗದ್ದೆಯಲ್ಲಿ ಬೆಳೆದ ಭತ್ತದ ಇಳುವರಿಯಲ್ಲಿ ಅಂತಹ ದೊಡ್ಡ ಇಳಿಕೆ ಕಾಣಲಿಲ್ಲ. ಬಯಲಿನ ಪೂರ್ಣ ಬೆಳಕು ಗಿಡಕ್ಕೆ ತನ್ನ ಗಾಯವನ್ನು ತಾನೇ ಸರಿಪಡಿಸಿಕೊಳ್ಳಲು ನೆರವಾಗುತ್ತದೆ. ಆದ್ದರಿಂದ ನಮ್ಮ ಭಾಗದಲ್ಲಿ ಇಳುವರಿ ಕುಸಿದರೆ ಓಜೋನಿನ ಮೇಲೆ ತಪ್ಪು ಹೊರಿಸದೆ, ಮೊದಲು ಮಣ್ಣು, ನೀರು, ಸವಳು, ರೋಗ, ಕೀಟ ಇವುಗಳನ್ನು ನೋಡಬೇಕು.

ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಮೀನಿನ ಮೊಟ್ಟೆ ಮತ್ತು ಮರಿಗಳು, ಭತ್ತದ ಗದ್ದೆಯಲ್ಲಿ ಸಾರಜನಕ ಸ್ಥಿರೀಕರಿಸುವ ನೀಲಿಹಸಿರು ಪಾಚಿ ಇವು ಬಿ ಕಿರಣಕ್ಕೆ ಬೇಗ ಘಾಸಿಗೊಳ್ಳುತ್ತವೆ. ಜೀವವಿಲ್ಲದ ವಸ್ತುಗಳನ್ನೂ ಈ ಕಿರಣಗಳು ಬಿಡುವುದಿಲ್ಲ. ಬಿಸಿಲಿನಲ್ಲಿ ಬಿಟ್ಟ ನೀರಿನ ಪೈಪು ಬಿರಿಯುವುದು, ಕಣದ ತಾಡಪಾಲು ಪುಡಿಪುಡಿಯಾಗುವುದು, ನೈಲಾನ್ ಹಗ್ಗ ಪಿಸಿಯುವುದು ಅತಿನೇರಳೆ ಕಿರಣಗಳ ಕೆಲಸವೇ.

ಮೇಲಿನ ಓಜೋನ್ ಮಿತ್ರ, ಕೆಳಗಿನ ಓಜೋನ್ ಶತ್ರು

ಓಜೋನ್ ಮೇಲಿದ್ದರೆ ಹೊದಿಕೆ. ನೆಲದ ಮಟ್ಟದಲ್ಲಿ ವಿಷ. ವಾಹನ, ಕಾರ್ಖಾನೆ ಮತ್ತು ಹುಲ್ಲು ಸುಡುವ ಬೆಂಕಿಯಿಂದ ಹೊರಡುವ ಅನಿಲಗಳು ಬಿಸಿಲಿನಲ್ಲಿ ಒಂದರೊಡನೊಂದು ಕೂಡಿ ಕೆಳಗೂ ಓಜೋನ್ ಉಂಟಾಗುತ್ತದೆ. ಇದು ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಕೋಶಗಳನ್ನು ಸುಡುತ್ತದೆ. ಬೆಳೆನಷ್ಟದ ವಿಷಯದಲ್ಲಿ ನಮ್ಮ ದೇಶಕ್ಕೆ ಇಂದು ಹೆಚ್ಚು ಹೊಡೆತ ಕೊಡುತ್ತಿರುವುದು ಇದೇ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2005ರ ಒಂದೇ ವರ್ಷದಲ್ಲಿ ಇದರಿಂದ ದೇಶಕ್ಕೆ ಸುಮಾರು 35 ಲಕ್ಷ ಟನ್ ಗೋಧಿ ಮತ್ತು 21 ಲಕ್ಷ ಟನ್ ಅಕ್ಕಿ ನಷ್ಟವಾಯಿತು. ಈ ಎರಡು ಓಜೋನುಗಳನ್ನು ಗೊಂದಲ ಮಾಡಿಕೊಳ್ಳಬಾರದು. ಕೆಳಗಿನದು ಮೇಲೆ ಹೋಗಿ ಅಲ್ಲಿಯ ಕೊರತೆಯನ್ನು ತುಂಬುವಷ್ಟು ಕಾಲ ಬಾಳುವುದಿಲ್ಲ.

ಜಗತ್ತು ಕೈಗೊಂಡ ಕ್ರಮ

1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಓಜೋನ್ ನಾಶಕ ವಸ್ತುಗಳನ್ನು ಹಂತಹಂತವಾಗಿ ನಿಲ್ಲಿಸುವ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದವು. ಆ ದಿನವನ್ನೇ ಈಗ ವಿಶ್ವ ಓಜೋನ್ ದಿನವೆಂದು ಆಚರಿಸುತ್ತಾರೆ. ಭಾರತ 1992ರಲ್ಲಿ ಈ ಒಪ್ಪಂದವನ್ನು ಸೇರಿತು. 2010ರ ಹೊತ್ತಿಗೆ ನಮ್ಮಲ್ಲಿ ಕ್ಲೋರೋಫ್ಲೋರೋಕಾರ್ಬನ್ನುಗಳ ತಯಾರಿಕೆ ಮತ್ತು ಸಾಮಾನ್ಯ ಬಳಕೆ ನಿಂತುಹೋಯಿತು.

ಕೃಷಿಗೆ ನೇರ ಸಂಬಂಧಪಟ್ಟ ಒಂದು ವಸ್ತುವೂ ಪಟ್ಟಿಯಲ್ಲಿತ್ತು. ಉಗ್ರಾಣಗಳಲ್ಲಿ ಧಾನ್ಯದ ಹುಳುಗಳನ್ನು ಕೊಲ್ಲಲು ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಎಂಬ ಹೊಗೆಮದ್ದು ಅದು. ಇದರಲ್ಲಿರುವ ಬ್ರೋಮಿನ್, ಓಜೋನ್ ನಾಶ ಮಾಡುವುದರಲ್ಲಿ ಕ್ಲೋರಿನ್ನಿಗಿಂತ ಬಹುಪಾಲು ಚುರುಕು. ಅಭಿವೃದ್ಧಿಶೀಲ ರಾಷ್ಟ್ರಗಳು 2015ರ ಆರಂಭಕ್ಕೆ ಇದನ್ನು ಬಿಡಬೇಕೆಂದು ಗೊತ್ತುಪಡಿಸಲಾಯಿತು. ರಫ್ತು ಮತ್ತು ಆಮದು ಸರಕಿನ ಸಸ್ಯ ಸಂಗರೋಧಕ್ಕೆ ವಿನಾಯಿತಿ ಉಳಿಯಿತು.

ಫಲ ಸಿಕ್ಕಿದೆ. ಒಪ್ಪಂದಕ್ಕೆ ಒಳಪಟ್ಟ ವಸ್ತುಗಳಲ್ಲಿ ನೂರಕ್ಕೆ 99ರಷ್ಟರ ಬಳಕೆ ನಿಂತಿದೆ. 2022ರ ಅಂತರರಾಷ್ಟ್ರೀಯ ವರದಿಯಂತೆ, ಈಗಿನ ಕ್ರಮಗಳು ಹೀಗೆಯೇ ಮುಂದುವರಿದರೆ ಜಗತ್ತಿನ ಬಹುಭಾಗದಲ್ಲಿ ಓಜೋನ್ ಪದರ 2040ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ. ಉತ್ತರ ಧ್ರುವದ ಮೇಲೆ 2045, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ ಇದು ಸಾಧ್ಯವಾಗಬಹುದು. ಮನುಷ್ಯರು ಒಟ್ಟಾಗಿ ಮನಸ್ಸು ಮಾಡಿದರೆ ಆಕಾಶದ ಗಾಯವೂ ಮಾಯುತ್ತದೆಂಬುದಕ್ಕೆ ಇದು ಸಾಕ್ಷಿ.

ಯಾರೂ ಕೇಳದ ಪ್ರಶ್ನೆ: ನಮ್ಮ ಗದ್ದೆಯ ಪಾಲು

ಓಜೋನ್ ಸವೆದದ್ದು ಕಾರ್ಖಾನೆಗಳಿಂದ, ರೈತನ ಪಾಲು ಇದರಲ್ಲಿ ಏನೂ ಇಲ್ಲ ಎಂದು ನಾನೂ ಹಲವು ವರ್ಷ ತರಗತಿಯಲ್ಲಿ ಹೇಳಿದ್ದುಂಟು. ಅದು ಪೂರ್ತಿ ನಿಜವಲ್ಲ. ಸಾರಜನಕದ ಆಕ್ಸೈಡುಗಳು ಓಜೋನನ್ನು ನಾಶ ಮಾಡುತ್ತವೆಂದು ಕ್ರುಟ್ಸೆನ್ ಎಂಬ ವಿಜ್ಞಾನಿ 1970ರಲ್ಲಿಯೇ ತೋರಿಸಿದ್ದರು. ಮೊಲೀನಾ ಮತ್ತು ರೋಲೆಂಡರ ಜೊತೆಗೆ ಅವರಿಗೂ 1995ರಲ್ಲಿ ನೊಬೆಲ್ ಬಹುಮಾನ ಬಂದಿತು. ಮುಂದೆ 2009ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ನಮ್ಮ ನಾಡಿನವರೇ ಆದ ಡಾ. ಎ. ಆರ್. ರವಿಶಂಕರ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಕ್ಲೋರೋಫ್ಲೋರೋಕಾರ್ಬನ್ನುಗಳು ಹಿಡಿತಕ್ಕೆ ಬಂದ ಮೇಲೆ, ಈಗ ಮನುಷ್ಯರ ಚಟುವಟಿಕೆಯಿಂದ ಹೊರಬೀಳುತ್ತಿರುವ ಓಜೋನ್ ನಾಶಕ ಅನಿಲಗಳಲ್ಲಿ ಮೊದಲ ಸ್ಥಾನ ನೈಟ್ರಸ್ ಆಕ್ಸೈಡಿನದು ಎಂಬುದೇ ಆ ಸಂಗತಿ. ಮನುಷ್ಯರಿಂದ ಹೊರಬೀಳುವ ನೈಟ್ರಸ್ ಆಕ್ಸೈಡಿನ ಬಹುಪಾಲು ಬರುವುದು ಕೃಷಿಯಿಂದ: ರಾಸಾಯನಿಕ ಗೊಬ್ಬರದಿಂದ ಮತ್ತು ಸಗಣಿ ಗೊಬ್ಬರದಿಂದ. ಮಾಂಟ್ರಿಯಲ್ ಒಪ್ಪಂದದಲ್ಲಿ ಈ ಅನಿಲ ಸೇರಿಲ್ಲ.

ಇದು ಹುಟ್ಟುವ ಬಗೆಯನ್ನು ತಿಳಿಯೋಣ. ಮಣ್ಣಿಗೆ ಬಿದ್ದ ಯೂರಿಯಾ ಮೊದಲು ಅಮೋನಿಯಾ ರೂಪಕ್ಕೆ ಬರುತ್ತದೆ. ಮಣ್ಣಿನಲ್ಲಿ ಗಾಳಿಯಾಡುತ್ತಿದ್ದರೆ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೇಲೆ ನೀರು ನಿಂತು ಗಾಳಿ ತಪ್ಪಿದರೆ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನು ಒಡೆದು ಅನಿಲವಾಗಿಸುತ್ತವೆ. ನೀರು ಸದಾ ನಿಂತಿದ್ದರೆ ಈ ಕ್ರಿಯೆ ಕೊನೆಯವರೆಗೂ ನಡೆದು ನಿರುಪದ್ರವಿಯಾದ ಸಾರಜನಕ ಹೊರಡುತ್ತದೆ. ಗದ್ದೆ ಒಮ್ಮೆ ಒಣಗಿ ಒಮ್ಮೆ ನೆನೆದರೆ ಕ್ರಿಯೆ ಅರ್ಧಕ್ಕೇ ನಿಂತು ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದು ಕಣ್ಣಮುಂದಿನ ಚಿತ್ರ. ಸರದಿಯ ನೀರು ಬಂದಾಗ ಗದ್ದೆ ತುಂಬುತ್ತದೆ. ಮುಂದಿನ ಸರದಿ ತಡವಾದರೆ ಎರೆಭೂಮಿ ಬಿರುಕು ಬಿಡುತ್ತದೆ. ನೀರಿಲ್ಲದಾಗ ಯೂರಿಯಾ ನೈಟ್ರೇಟ್ ಆಗುತ್ತದೆ, ನೀರು ಬಂದೊಡನೆ ಗಾಳಿಗೆ ಹಾರುತ್ತದೆ. ಬೆಳೆ ಹಳದಿಯಾಯಿತೆಂದು ರೈತ ಮತ್ತೊಂದು ಚೀಲ ತರುತ್ತಾನೆ.

ಲೆಕ್ಕ ಹಾಕಿ ನೋಡೋಣ. ಎಕರೆಗೆ 60 ಕಿಲೋ ಸಾರಜನಕ ಕೊಡಲು 45 ಕಿಲೋ ತೂಕದ ಸುಮಾರು ಮೂರು ಚೀಲ ಯೂರಿಯಾ ಬೇಕು. ಇದರಲ್ಲಿ ಭತ್ತ ಹೀರಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 30 ರಿಂದ 40 ಭಾಗ, ಅಂದರೆ ಒಂದು ಚೀಲದಷ್ಟು. ಉಳಿದ ಎರಡು ಚೀಲಗಳಲ್ಲಿ ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ. ಹೆಚ್ಚಿನದು ಅಮೋನಿಯಾ ಆಗಿ, ಸಾರಜನಕವಾಗಿ ಹಾರುತ್ತದೆ, ಇಲ್ಲವೆ ಬಸಿದು ಹೋಗುತ್ತದೆ. ನೈಟ್ರಸ್ ಆಕ್ಸೈಡ್ ಆಗುವ ಭಾಗ ಬಹಳ ಸಣ್ಣದು. ಆಗಾಗ ಆರುವ ಗದ್ದೆಗೆ ಹಾಕಿದ ಸಾರಜನಕದಲ್ಲಿ ನೂರಕ್ಕೆ ಅರ್ಧ ಭಾಗವೆಂದು ಹಿಡಿದರೆ ಎಕರೆಗೆ ಅರ್ಧ ಕಿಲೋಗೂ ಕಡಿಮೆ ಅನಿಲ. ಇದು ಅಲ್ಪವೆನಿಸಬಹುದು. ಆದರೆ ಒಂದು ಲಕ್ಷ ಎಕರೆಗೆ ಇದೇ 47 ಟನ್ ಆಗುತ್ತದೆ. ಒಮ್ಮೆ ಹೊರಬಿದ್ದ ಈ ಅನಿಲ ನೂರು ವರ್ಷಕ್ಕೂ ಮೇಲೆ ವಾಯುಮಂಡಲದಲ್ಲಿ ಉಳಿಯುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಶಾಖ ಹಿಡಿಯುತ್ತದೆ.

ಊರಿಗೆ ಅನ್ನ ಕೊಡುವ ರೈತ ಗೊಬ್ಬರ ಬಿಡಬೇಕೆಂದು ಇದರ ಅರ್ಥವಲ್ಲ. ಹಾರಿಹೋಗುವ ಗೊಬ್ಬರ ರೈತನ ಹಣ. ಹೆಚ್ಚಾದ ಸಾರಜನಕ ಬೆಂಕಿರೋಗಕ್ಕೂ ಕಂದು ಜಿಗಿಹುಳುವಿಗೂ ಕರೆ ಕಳಿಸುತ್ತದೆ, ಬೆಳೆ ಮಲಗುತ್ತದೆ. ಆಕಾಶಕ್ಕೆ ಒಳಿತಾಗುವ ಕ್ರಮವೇ ಇಲ್ಲಿ ರೈತನ ಕಿಸೆಗೂ ಒಳಿತು.

ಅನುಸರಿಸಬೇಕಾದ ಕ್ರಮಗಳು

1. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನ ಪ್ರಮಾಣದಷ್ಟೇ ಸಾರಜನಕ ಕೊಡಬೇಕು. ಪಕ್ಕದ ಗದ್ದೆಯವರ ಚೀಲ ಎಣಿಸಿ ಹಾಕಬಾರದು.

2. ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯದೆ ನಾಟಿಯ ಸಮಯ, ತೆಂಡೆ ಒಡೆಯುವ ಕಾಲ, ತೆನೆ ಮೂಡಲಾರಂಭಿಸುವ ಕಾಲ ಹೀಗೆ ಮೂರು ಕಂತುಗಳಲ್ಲಿ ಕೊಡಬೇಕು.

3. ಆಳವಾಗಿ ನಿಂತ ನೀರಿನಲ್ಲಿ ಯೂರಿಯಾ ಎರಚಬಾರದು. ನೀರು ಬಸಿದು, ತೆಳು ತೇವವಿರುವಾಗ ಎರಚಿ, ಕಳೆ ತೆಗೆಯುವ ಯಂತ್ರದಿಂದ ಮಣ್ಣಿಗೆ ಬೆರೆಸಿ, ಒಂದು ದಿನದ ನಂತರ ನೀರು ಕಟ್ಟಬೇಕು.

4. ಕಾಲುವೆಯ ಸರದಿ ನೋಡಿಕೊಂಡು ಗೊಬ್ಬರ ಹಾಕಬೇಕು. ನೀರು ಬರುವುದು ಖಚಿತವಾದ ಮೇಲೆಯೇ ಮೇಲುಗೊಬ್ಬರ ಕೊಟ್ಟು, ಮುಂದಿನ ಹಲವು ದಿನ ಗದ್ದೆ ಬಿರುಕು ಬಿಡದಂತೆ ಕಾಯಬೇಕು. ನೀರು ಉಳಿಸಲು ಗದ್ದೆಯನ್ನು ಆರಿಸುವವರು ಗೊಬ್ಬರ ಹಾಕಿದ ವಾರದಲ್ಲಿ ಆರಿಸದೆ ಬೇರೆ ಸಮಯದಲ್ಲಿ ಆರಿಸಬೇಕು.

5. ಎಲೆ ಬಣ್ಣದ ಪಟ್ಟಿ ಬಳಸಬೇಕು. ಹತ್ತು ಗಿಡಗಳಲ್ಲಿ ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ನಿಮ್ಮ ನೆರಳಿನಲ್ಲಿ ಹಿಡಿದು ಪಟ್ಟಿಗೆ ಹೋಲಿಸಿ, ಅರ್ಧಕ್ಕಿಂತ ಹೆಚ್ಚು ಎಲೆಗಳು ಗೊತ್ತಾದ ಅಂಕಕ್ಕಿಂತ ತಿಳಿಯಾಗಿದ್ದರೆ ಮಾತ್ರ ಯೂರಿಯಾ ಕೊಡಬೇಕು. ಸೋನಾ ಮಸೂರಿ, ಗಂಗಾವತಿ ಸೋನಾ ಮುಂತಾದ ತಳಿಗಳಿಗೆ ಯಾವ ಅಂಕವೆಂಬುದನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

6. ಬೇವು, ಯೂರಿಯಾ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆ. ನಮ್ಮ ಹಿರಿಯ ರೈತರು ಯೂರಿಯಾಗೆ ಬೇವಿನ ಹಿಂಡಿ ಬೆರೆಸುತ್ತಿದ್ದುದರ ಹಿಂದಿನ ತತ್ವ ಇದೇ. 2015ರಿಂದ ದೇಶದಲ್ಲಿ ಕೃಷಿಗೆ ಕೊಡುವ ಯೂರಿಯಾಗೆಲ್ಲ ಬೇವಿನ ಲೇಪ ಕಡ್ಡಾಯವಾಗಿದೆ. ಗೊಬ್ಬರ ನಿಧಾನವಾಗಿ ಒದಗುವುದರಿಂದ ಹಿಂದಿನಷ್ಟು ಚೀಲ ಹಾಕುವ ಅಗತ್ಯವಿಲ್ಲ.

7. ನಾಟಿಗೆ ಮುಂಚೆ ಡಯಂಚ ಬೆಳೆದು ಮಣ್ಣಿಗೆ ಸೇರಿಸಿದರೆ ಯೂರಿಯಾ ಉಳಿಯುತ್ತದೆ. ಸವಳು ಭೂಮಿಯಲ್ಲಿಯೂ ಇದು ಬೆಳೆಯುತ್ತದೆ.

8. ಕೊಯ್ಲಿನ ನಂತರ ಹುಲ್ಲು, ಕೂಳೆ ಸುಡಬಾರದು. ಹೊಗೆಯಿಂದ ನೆಲಮಟ್ಟದ ಓಜೋನ್ ಹೆಚ್ಚುತ್ತದೆ. ಸ್ವಲ್ಪ ನೈಟ್ರಸ್ ಆಕ್ಸೈಡೂ ಹೊರಡುತ್ತದೆ.

9. ಹಳೆಯ ಫ್ರಿಜ್, ಹವಾನಿಯಂತ್ರಣ ಯಂತ್ರ, ಹಾಲು ತಂಪುಗೊಳಿಸುವ ಯಂತ್ರ ರಿಪೇರಿಯಾಗುವಾಗ ಒಳಗಿನ ಅನಿಲವನ್ನು ಬಯಲಿಗೆ ಬಿಡದೆ ಡಬ್ಬಿಯಲ್ಲಿ ಹಿಡಿಯುವಂತೆ ಮೆಕ್ಯಾನಿಕ್‌ಗೆ ಹೇಳಬೇಕು.

10. ಧಾನ್ಯಕ್ಕೆ ಹೊಗೆಮದ್ದು ಕೊಡುವ ಕೆಲಸವನ್ನು ಮಾನ್ಯತೆ ಪಡೆದ ತಜ್ಞರಿಗೇ ಬಿಡಬೇಕು. ಮನೆಯಲ್ಲಿ ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪಾತ್ರೆಯಲ್ಲಿ ಶೇಖರಿಸುವುದೇ ಕ್ಷೇಮ.

11. ಬೇಸಿಗೆಯಲ್ಲಿ 11 ಗಂಟೆಯಿಂದ 3 ಗಂಟೆಯವರೆಗೆ ತಲೆಗೆ ಅಗಲ ಅಂಚಿನ ಟೋಪಿ ಅಥವಾ ಮುಖಕ್ಕೆ ನೆರಳಾಗುವಂತೆ ರುಮಾಲು ಇರಬೇಕು. ಅತಿನೇರಳೆ ಕಿರಣ ತಡೆಯುವ ಕನ್ನಡಕ ಕಣ್ಣಿಗೆ ಒಳ್ಳೆಯದು. ಬರಿಯ ಕಪ್ಪು ಗಾಜು ಸಾಲದು. ಅದರ ಹಿಂದೆ ಪಾಪೆ ಹಿಗ್ಗಿ ಕಿರಣ ಇನ್ನೂ ಹೆಚ್ಚು ಒಳಹೋಗಬಹುದು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಓಜೋನ್ ವಿಷಯ ಹೇಳುವಾಗ ಭಯ ಹುಟ್ಟಿಸಬಾರದು. ಬಿಸಿಲಿನ ಝಳಕ್ಕೆ, ಮಳೆ ಬಾರದಿದ್ದುದಕ್ಕೆ, ಬೆಳೆ ಬಾಡಿದ್ದಕ್ಕೆ ಎಲ್ಲಕ್ಕೂ "ಆಕಾಶದ ತೂತು" ಕಾರಣವೆಂದರೆ, ರೈತನಿಗೆ ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಭಾವನೆ ಬರುತ್ತದೆ. ನಿಜಸ್ಥಿತಿ ಬೇರೆ. ದೊಡ್ಡ ಗಾಯ ಮಾಯುತ್ತಿದೆ; ಉಳಿದ ಕೆಲಸದ ಒಂದು ಪಾಲು ಗದ್ದೆಯ ಬದುವಿನ ಮೇಲೆಯೇ ಇದೆ.

ಅಂದು ಹೇಮಗುಡ್ಡದಲ್ಲಿ ಸಭೆ ಚದುರಿದ ಮೇಲೆ ಆ ಹಿರಿಯರು ನನ್ನ ಜೊತೆ ಸ್ವಲ್ಪ ದೂರ ನಡೆದು ಬಂದರು. ನಾನು ಯೂರಿಯಾದ ಮಾತು ತೆಗೆದೆ. "ಅಂದ್ರ ಚೀಲ ಕಮ್ಮಿ ಹಾಕು ಅಂತೀರೇನ್ರಿ?" ಎಂದು ಕೇಳಿದರು. "ಕಮ್ಮಿ ಹೆಚ್ಚು ಆಮೇಲೆ ನೋಡೋಣ, ಮೊದಲು ನೀರು ನೋಡಿ ಹಾಕಿರಿ" ಎಂದೆ. ಈ ಹಂಗಾಮಿನಲ್ಲಿ ಒಂದು ಮಡಿಯಲ್ಲಾದರೂ ನಾನು ಹೇಳಿದಂತೆ ಮಾಡಿ, ಉಳಿದ ಮಡಿಗಳ ಜೊತೆ ಹೋಲಿಸಿ ನೋಡುವುದಾಗಿ ಒಪ್ಪಿಕೊಂಡರು. ಓದುಗ ರೈತ ಬಾಂಧವರೂ ಹಾಗೆಯೇ ಒಂದು ಮಡಿಯಿಂದ ಆರಂಭಿಸಬಹುದು. ಚೀಲ ಎಷ್ಟು ಉಳಿಯಿತು, ಭತ್ತ ಎಷ್ಟು ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಹೆಚ್ಚಿನ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.